ಕೇಬಲ್ ಕಿತ್ತ ಮೇಲೂ

ಮೆಲ್ಬರ್ನಿನ ಆ ಕ್ಲಬ್ಬಿನಲ್ಲಿ ನಾನು ಜೂಜಿನ ಮೆಷಿನ್‌ಗಳ ಕೇಬಲ್ ಕೆಲಸಕ್ಕಿದ್ದೆ. ಆಫೀಸಿನ ಕಂಪ್ಯೂಟರ್ ಒಂದೊಂದೇ ಮೆಷಿನ್ನನ್ನು ಸರದಿಯಂತೆ ‘ಇದ್ದೀಯಾ?’ ಎಂದು ವಿಚಾರಿಸುತ್ತಲೇ ಇರುತ್ತದೆ. ಮೆಷಿನ್ ‘ಇದ್ದೇನೆ’ ಎನ್ನಬೇಕು. ಉತ್ತರ ತಡವಾದರೆ ನಾವು ಎದ್ದುಬಿದ್ದು ಓಡಬೇಕು.

ನನಗೆ ಕೆಲಸ ಕಲಿಸಿದ ತೇಜಸಣ್ಣ ಆಮೇಲೆ ಟ್ಯಾಕ್ಸಿ ಓಡಿಸಲು ಹೋದ. ಬಿಡುವಾದಾಗ ಬಂದು ಮೂಲೆಯ ಮೆಷಿನ್‌ಗೆ ಮೆಂಬರ್ ಕಾರ್ಡ್ ತೂರಿಸಿ ಆಡುತ್ತಿದ್ದ. 2006ರ ಚಳಿಗಾಲದಲ್ಲಿ, ನನ್ನ ರಜೆಯ ದಿನ, ಅಲ್ಲೇ ಕೂತಲ್ಲೇ ಸತ್ತ. ಮಧ್ಯಾಹ್ನವಿಡೀ ಒಬ್ಬ ನನ್ಮಗನೂ ಭುಜ ಮುಟ್ಟಿ ನೋಡಲಿಲ್ಲ. ಮೆಷಿನ್ ಉತ್ತರ ಕೊಡುತ್ತಿತ್ತಲ್ಲ, ಅವರಿಗೆ ಅಷ್ಟು ಸಾಕಿತ್ತು.

ವಾರದ ನಂತರ ಅದರ ಕೇಬಲನ್ನು ನಾನೇ ಕಿತ್ತು, ಮೆಷಿನ್ನನ್ನೂ ಅವನು ಕೂತಿದ್ದ ಸ್ಟೂಲನ್ನೂ ಸ್ಟೋರ್‌ಗೆ ತಳ್ಳಿದೆ. ಆಫೀಸಿಗೆ ಬಂದರೆ ಸ್ಕ್ರೀನಿನಲ್ಲಿ ಅದು ಇನ್ನೂ ಉತ್ತರಿಸುತ್ತಿತ್ತು. ಕಾರ್ಡ್ ಒಳಗಿದೆ ಎಂದು ತೇಜಸಣ್ಣನ ಹೆಸರನ್ನೂ ತೋರಿಸುತ್ತಿತ್ತು. ಆ ಕಾರ್ಡನ್ನು ಅವನ ಹೆಂಡತಿ ಚಿನ್ಮಯಿ ಅತ್ತಿಗೆ ನನ್ನೆದುರೇ ಕತ್ತರಿಯಲ್ಲಿ ತುಂಡು ಮಾಡಿದ್ದರು.

ಸ್ಟೋರ್‌ಗೆ ಓಡಿದೆ. ಕರೆಂಟಿಲ್ಲದ ಮೆಷಿನ್ನಿನ ಗಾಜು ಕೊರೆಯುವಷ್ಟು ತಣ್ಣಗಿತ್ತು. ಸ್ಟೂಲು ಮಾತ್ರ ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು.

“ಹಳೇ ಡೇಟಾ ಕಣೋ,” ಅಂದರು ಸ್ಕ್ರೀನ್ ನೋಡಿದ ಮ್ಯಾನೇಜರ್ ಮೂರ್ತಿ ಅಂಕಲ್. “ಅದರ ನಂಬರ್ ಡಿಲೀಟ್ ಮಾಡು. ಕಂಪ್ಯೂಟರ್ ಕೇಳೋದು ನಿಲ್ಲತ್ತೆ.”

“ಆವತ್ತು ನೀವ್ಯಾರೂ ಕೇಳ್ಲಿಲ್ಲ ಅಂಕಲ್. ಇದಾದ್ರೂ ಕೇಳ್ತಾ ಇರ್ಲಿ ಬಿಡಿ.”

ಅವರು ಮುಖ ತಿರುಗಿಸಿದರು. ನಾನು ಡಿಲೀಟ್ ಮಾಡಲಿಲ್ಲ. ಕ್ಲಬ್ಬೇ ಮುಚ್ಚಿಹೋಗುವವರೆಗೂ ಆ ಮೆಷಿನ್ ಒಂದು ಸರದಿಯನ್ನೂ ತಪ್ಪಿಸಲಿಲ್ಲ.