ತಾರೀಖಿಲ್ಲದ ಸಹಿ

ಕೋರ್ಟಿನ ಅಮೀನ ಸಮನ್ಸು ಓದಿ ಮುಗಿಸುವ ಹೊತ್ತಿಗೆ ನಿರ್ಮಲಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲಿ ಕುಸಿದು ಕುಳಿತಿದ್ದರು. ಪಕ್ಕದ ಮನೆಯವನಾದ ನಾನು ಓಡಿಹೋಗಿ ನೀರು ಕೊಟ್ಟೆ. ಕುಡಿಯಲಿಲ್ಲ.

ಒಂಬೈನೂರು ರೂಪಾಯಿ! ಸಾಲ ಪಡೆದವನು ಅವರ ಗಂಡ, ಶಿಕಾರಿಪುರ–ಸೊರಬ ಬಸ್ಸಿನ ಡ್ರೈವರ್ ಚಂದ್ರಶೇಖರಪ್ಪ. ಕೊಟ್ಟವನು ಸೊರಬದ ಗೋಪಾಲಪ್ಪ ಎಂಬಾತ. ಸಾಲಪತ್ರವಾದ ಪ್ರೋನೋಟಿನ ತಾರೀಖು 1958ರ ಆಗಸ್ಟ್ ಹನ್ನೆರಡು, ಅಂದರೆ ಆರು ತಿಂಗಳ ಹಿಂದಿನದು. ಸಾಲ ತೀರಿಸದಿದ್ದರೆ ಬಸ್ ಸ್ಟ್ಯಾಂಡಿನ ಹಿಂದೆ ಚಂದ್ರಶೇಖರಪ್ಪನ ತಂದೆ ಬಿಟ್ಟುಹೋದ ಜಾಗ ಜಪ್ತಿಯಾಗುತ್ತದೆ.

"ಮತ್ತೆ ಆಡ್ಯಾರೆ ಮೇಷ್ಟ್ರೆ," ಎಂದರು ನಿರ್ಮಲಮ್ಮ. ದನಿಯಲ್ಲಿ ಜೀವವಿರಲಿಲ್ಲ.

ಚಂದ್ರಶೇಖರಪ್ಪನ ಇಸ್ಪೀಟಿನ ಕಥೆ ಬೀದಿಗೆಲ್ಲ ಗೊತ್ತಿತ್ತು. ಸೊರಬದಲ್ಲಿ ಬಸ್ ನಿಂತಾಗಲೆಲ್ಲ ಇಸ್ಪೀಟು ಆಡಿಸುವ ರಾಜಪ್ಪನ ಅಟ್ಟ ಹತ್ತಿ ಆಡಿ ಅವನ ಹತ್ತಿರವೇ ಆರುನೂರ ನಲವತ್ತು ರೂಪಾಯಿ ಸಾಲ ಮಾಡಿಕೊಂಡಿದ್ದ. 1956ರಲ್ಲಿ ಒಂದು ದಿನ ತಾನಾಗಿಯೇ ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡ. ಅಂದಿನಿಂದ ಸಂಬಳ, ಬತ್ತೆ ಎಲ್ಲ ನಿರ್ಮಲಮ್ಮನ ಕೈಗೆ. ಅವನ ಜೇಬಿನಲ್ಲಿ ಚಹಾದ ದುಡ್ಡು ಮಾತ್ರ. ಜವಳಿ ಅಂಗಡಿಯ ಹಿರಿಯರಾದ ವೀರಬಸಪ್ಪನವರು ಮಧ್ಯಸ್ಥರಾಗಿ ನಿಂತರು. ತಿಂಗಳು ತಿಂಗಳು ನಿರ್ಮಲಮ್ಮ ಅವರ ಕೈಗೆ ಹಣ ಕೊಡುವುದು, ಅವರು ರಾಜಪ್ಪನಿಗೆ ತಲುಪಿಸುವುದು. ಕಳೆದ ವರ್ಷ ಯುಗಾದಿಗೆ ಸಾಲ ತೀರಿತು. ವೀರಬಸಪ್ಪನವರು ತಂದುಕೊಟ್ಟ ಪ್ರೋನೋಟುಗಳನ್ನು ನಿರ್ಮಲಮ್ಮ ಒಲೆಗೆ ಹಾಕಿ ಅವರ ಕಾಲಿಗೆ ನಮಸ್ಕರಿಸಿದ್ದರು.

ಸಂಜೆ ಗಂಡ ಮನೆಗೆ ಬಂದ. ಸಮನ್ಸು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಯಾವ ಗೋಪಾಲಪ್ಪ? ನಾನು ಅವನ್ನ ಕಂಡೇ ಇಲ್ಲ ಕಣೆ. ಇಸ್ಪೀಟು ಮುಟ್ಟಿ ಎರಡೂವರೆ ವರ್ಷ ಆತು."

"ಆವಾಗ್ಲೂ ಹಿಂಗೇ ಅಂತಿದ್ರಿ."

ಅವನು ನನ್ನತ್ತ ನೋಡಿದ. ನಾನು ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ, ನಾನೂ ನಂಬಿರಲಿಲ್ಲ.

ಮರುದಿನ ನಿರ್ಮಲಮ್ಮ ನನ್ನನ್ನು ಕರೆದುಕೊಂಡು ಸುಬ್ಬಪ್ಪನವರಲ್ಲಿಗೆ ಹೋದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಚಾಪೆ ಹಾಸಿ ಕ್ರಯಪತ್ರ ಬರೆಯುವ ಮುದುಕ. ಖೊಟ್ಟಿ ಕಾಗದ ಸಿಕ್ಕರೆ ಪೊಲೀಸರೂ ಅವರನ್ನು ಕೇಳುತ್ತಿದ್ದರು.

"ಸಹಿ ನಿಮ್ಮೆಜಮಾನರದೇ ಏನಮ್ಮಾ?"

"ಗೊತ್ತಿಲ್ಲ. ಮನೆಗೆ ಬಂದಿದ್ದು ನಕಲು."

"ಹಂಗಾದ್ರೆ ಅಸಲು ನೋಡಬೇಕು."

ವಕೀಲರೊಬ್ಬರ ಮೂಲಕ ಅರ್ಜಿ ಹಾಕಿಸಿ, ಕೋರ್ಟಿನ ಗುಮಾಸ್ತರ ಎದುರಿನಲ್ಲೇ ಸುಬ್ಬಪ್ಪ ಅಸಲು ಪ್ರೋನೋಟನ್ನು ನೋಡಿದರು. ನಿರ್ಮಲಮ್ಮ, ನಾನು ಅಲ್ಲದೆ ಚಂದ್ರಶೇಖರಪ್ಪನೂ ಜೊತೆಗಿದ್ದ. ಕಾಗದ ಕಂಡವನೇ ಗೋಡೆಗೆ ಒರಗಿದ.

"ಸಹಿ ನಂದೇ ಐತಿ," ಎಂದ.

ನಿರ್ಮಲಮ್ಮ ಹೊರನಡೆದರು. ಎಲ್ಲ ಮುಗಿಯಿತು ಎಂದುಕೊಂಡೆ. ಸುಬ್ಬಪ್ಪ ಮಾತ್ರ ಕಾಗದದ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಚಂದ್ರಶೇಖರಪ್ಪ, ಸುಳ್ಳು ಹೇಳಬೇಡ. ಯಾವಾಗಾದ್ರೂ ಖಾಲಿ ಕಾಗದಕ್ಕೆ ಸಹಿ ಹಾಕಿದ್ಯಾ?"

ಅವನು ಹೆಂಡತಿ ಹೋದ ಬಾಗಿಲ ಕಡೆ ಒಮ್ಮೆ ನೋಡಿದ.

"ಒಂದಕ್ಕೆ. ಸ್ಟಾಂಪು ಅಂಟಿಸಿ ಖಾಲಿ ಸಹಿ ಕೊಟ್ರೇನೇ ರಾಜಪ್ಪ ಅಟ್ಟ ಹತ್ತಿಸ್ತಿದ್ದ. ಆಡೋರೆಲ್ಲ ಕೊಡ್ತಿದ್ರು. ನಾಚಿಕೆ ಆಗಿ ಅದೊಂದು ಮಾತ್ರ ಅವಳಿಗೆ ಹೇಳಿರಲಿಲ್ಲ."

"ಸಾಲ ತೀರಿದಾಗ ಅದನ್ನ ಕೇಳಲಿಲ್ವೇನೋ?"

"ಉಳಿದವುಗಳ ಜೊತೆ ಅದೂ ಬಂದು ಸುಟ್ಟುಹೋತು ಅನ್ಕೊಂಡೆ."

ಸುಬ್ಬಪ್ಪ ಎದ್ದರು. "ಮೇಷ್ಟ್ರೆ, ನಾಳೆ ಸೊರಬಕ್ಕೆ ಹೋಗೋಣ."

ನಾನು ಶಾಲೆಯ ನೆಪ ಹೇಳಿದೆ. ಅವರೊಬ್ಬರೇ ಹೋಗಿಬಂದರು.

ಶನಿವಾರ ಮಧ್ಯಾಹ್ನ ಸುಬ್ಬಪ್ಪ ನಮ್ಮನ್ನೆಲ್ಲ ವೀರಬಸಪ್ಪನವರ ಅಂಗಡಿಗೆ ಕರೆದರು. ವೀರಬಸಪ್ಪ ಎದ್ದು ಬಂದು ನಿರ್ಮಲಮ್ಮನಿಗೆ ಚಾಪೆ ಹಾಸಿಸಿದರು.

"ಕೇಳಿ ಬಾಳ ಬೇಜಾರಾತು ತಾಯಿ. ಇವನು ಕೆಡ್ತಾನೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಆ ಜಾಗಾನ ನಂಗೇ ಕೊಟ್ಬಿಡ್ರಿ, ಕೋರ್ಟಿನ ದುಡ್ಡು ನಾನು ಕಟ್ತೀನಿ."

"ಈ ಮುಂಚೆನೂ ಕೇಳಿದ್ರಂತಲ್ಲ?" ಎಂದರು ಸುಬ್ಬಪ್ಪ.

"ನಮ್ಮ ಗೋದಾಮಿಗೆ ಹೊಂದಿಕೊಂಡ ಜಾಗ. ಕೇಳಿದ್ದೆ. ಕೊಡಲ್ಲ ಅಂದ್ರು, ಬಿಟ್ಟೆ."

"ಸರಿ. ಒಂದು ಮಾತು ಹೇಳ್ರಿ. ಈಗ ಅಂಚೆ ಕಚೇರಿಯಲ್ಲಿ ರೆವಿನ್ಯೂ ಸ್ಟಾಂಪು ಎಷ್ಟಕ್ಕೆ ಕೊಡ್ತಾರೆ?"

"ಹತ್ತು ನಯಾ ಪೈಸೆ. ಅದ್ಯಾಕ್ರೀ ಈಗ?"

"ಪ್ರೋನೋಟಿನ ನಕಲು ಎಲ್ರೂ ಓದಿದ್ವಿ. ನಕಲಿನಲ್ಲಿ ಸ್ಟಾಂಪು ಇರಲ್ಲ. ಅಸಲು ನೋಡಿದಾಗ ಎಲ್ರ ಕಣ್ಣೂ ಸಹಿ ಮೇಲೆ ಹೋತು. ಸಹಿ ಕೆಳಗಿದ್ದ ಸ್ಟಾಂಪು ಯಾರೂ ನೋಡಲಿಲ್ಲ. ಅದು ಆಣೆ ಸ್ಟಾಂಪು. ನಯಾ ಪೈಸೆ ಬಂದಿದ್ದು ಐವತ್ತೇಳರ ಏಪ್ರಿಲಿನಲ್ಲಿ. ಐವತ್ತೆಂಟರ ಆಗಸ್ಟಿನಲ್ಲಿ ಆಣೆ ಸ್ಟಾಂಪು ಎಲ್ಲಿಂದ ಬಂತು?"

"ಹಳೇದು ಯಾರ ಪೆಟ್ಟಿಗೆಯಲ್ಲಾದರೂ ಉಳಿದಿರ್ತದೆ."

"ಇರಬಹುದು. ನಾನೂ ಹಂಗೇ ಅಂದ್ಕೊಂಡೆ. ಅದಕ್ಕೇ ಸೊರಬಕ್ಕೆ ಹೋದೆ. ರಾಜಪ್ಪ ಮಾಡೋದು ಹಲ್ಕಾ ಕಸುಬಾದ್ರೂ ಕಾಗದದಲ್ಲಿ ಗಟ್ಟಿ ಮನುಷ್ಯ. ಸಾಲ ತೀರಿದವರ ಪತ್ರ ವಾಪಸು ಕೊಟ್ಟಾಗಲೆಲ್ಲ ರಸೀದಿ ಬರೆಸ್ಕೊಂಡಾನೆ." ಅವರು ನಿರ್ಮಲಮ್ಮನತ್ತ ತಿರುಗಿದರು. "ನೀವು ಸುಟ್ಟಿದ್ದು ಎಷ್ಟಮ್ಮಾ?"

"ಆರು."

"ಒಂದೊಂದಾಗಿ ಎಣಿಸಿದ್ರಾ?"

"ಎಣಿಸಿದೀನಿ. ಒಂದೊಂದು ಪತ್ರದ ಹಿಂದೆ ಎಷ್ಟು ಅಂಗಿ ಹೊಲಿದೀನಿ ಅನ್ನೋದೂ ಗೊತ್ತು."

ಸುಬ್ಬಪ್ಪ ಜೇಬಿನಿಂದ ರಾಜಪ್ಪನ ಆ ರಸೀದಿ ಚೀಟಿ ತೆಗೆದು ಓದಿದರು. "'ಚಂದ್ರಶೇಖರಪ್ಪನ ಬಾಬ್ತು ಬರೆದ ಪತ್ರ ಆರು, ಖಾಲಿ ಪತ್ರ ಒಂದು, ಒಟ್ಟು ಏಳು ತಲುಪಿದವು.' ಕೆಳಗೆ ನಿಮ್ಮ ಸಹಿ, ವೀರಬಸಪ್ಪನೋರೆ. ಏಳು ನಿಮ್ಮ ಕೈಗೆ ಬಂದ್ವು. ಆರು ಇವರ ಕೈಗೆ ಹೋದ್ವು. ಆ ಗೋಪಾಲಪ್ಪ ಯಾರು ಅಂತಾನೂ ಕೇಳ್ಕೊಂಡು ಬಂದೆ. ನಿಮ್ಮ ಸೊರಬದ ಅಂಗಡಿಯಲ್ಲಿ ಬಟ್ಟೆ ಅಳೆಯೋ ಮನುಷ್ಯ."

ವೀರಬಸಪ್ಪನವರು! ಊರಿನ ಎಷ್ಟೋ ಮನೆಗಳನ್ನು ಜೂಜಿನಿಂದ ಬಿಡಿಸಿದ ಮನುಷ್ಯ!

"ಒಳ್ಳೇದಕ್ಕೇ ಇಟ್ಕೊಂಡಿದ್ದೆ," ಎಂದರು ಅವರು ಕೊನೆಗೆ, ತೀರ ಮೆಲ್ಲಗೆ. "ಇವನು ಮತ್ತೆ ಆಡಿದ್ರೆ ಹೆದರಿಸೋಕೆ ಇರಲಿ ಅಂತ."

"ಇಟ್ಕೊಂಡಿದ್ದು ಒಳ್ಳೇದಕ್ಕೇ ಅನ್ನಿ," ಎಂದರು ನಿರ್ಮಲಮ್ಮ. "ಅವರು ಆಡಲೇ ಇಲ್ಲವಲ್ಲ. ಅದರ ಮೇಲೆ ತಾರೀಖು ಬರೆಸಿದ್ದು ಯಾರು?"

ವೀರಬಸಪ್ಪನವರು ಮೂಲೆಯ ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದರು.

"ಸೋಮವಾರ ದಾವಾ ವಾಪಸು ತಗೋಬೇಕು, ಇಲ್ಲಾಂದ್ರೆ ಈ ಚೀಟಿ ಪೊಲೀಸರ ಕೈಗೆ ಹೋಗ್ತದೆ," ಎಂದರು ಸುಬ್ಬಪ್ಪ. "ಈಗ ಪೆಟ್ಟಿಗೆ ತೆಗೀರಿ. ಇಂಥವು ಇನ್ನೆಷ್ಟು ಅದಾವೆ ನೋಡೋಣ."

ವೀರಬಸಪ್ಪನವರು ಬೀಗ ತೆಗೆದರು. ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ಕಟ್ಟು. ಒಂಬತ್ತು ಪ್ರೋನೋಟುಗಳು. ಸ್ಟಾಂಪು, ಸಹಿ ಬಿಟ್ಟರೆ ಎಲ್ಲವೂ ಖಾಲಿ. ನಿರ್ಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಂದ್ರಶೇಖರಪ್ಪ ಅವರ ಪಕ್ಕಕ್ಕೆ ಬಂದು ನಿಂತ.

"ನಾನೂ ನಂಬಲಿಲ್ಲ ನಿಮ್ಮನ್ನ," ಎಂದರು ಅವರು, ಗಂಡನ ಮುಖ ನೋಡದೆ.

"ನಂಬೋ ಹಂಗೆ ನಾನು ಬದುಕಿರಲಿಲ್ಲ," ಎಂದ ಅವನು. "ಮನೆಗೆ ಹೋಗೋಣ ನಡಿ."

ಸುಬ್ಬಪ್ಪ ಪ್ರೋನೋಟುಗಳ ಮೇಲಿನ ಸಹಿಗಳನ್ನು ಮನಸ್ಸಿನಲ್ಲೇ ಓದುತ್ತ ಹೋದರು. ಒಂದು ಕಡೆ ನಿಂತರು. ತಲೆಯೆತ್ತಿ ನನ್ನನ್ನು ನೋಡಿದರು. ಆ ಕಾಗದವನ್ನು ನಾಲ್ಕಾಗಿ ಮಡಚಿ, ಬೇರೆ ಯಾರಿಗೂ ಕಾಣದಂತೆ ನನ್ನ ಕೈಯಲ್ಲಿಟ್ಟರು.

"ಇದು ನಿಮ್ಮದು ಮೇಷ್ಟ್ರೆ."

ಐದು ವರ್ಷಗಳ ಹಿಂದೆ ನಾನೂ ರಾಜಪ್ಪನ ಅಟ್ಟ ಹತ್ತಿದ್ದೆ. ವೀರಬಸಪ್ಪನವರೇ ನನ್ನ ಸಾಲವನ್ನೂ ಬಗೆಹರಿಸಿದ್ದರು. ಚಂದ್ರಶೇಖರಪ್ಪ ಹೆಂಡತಿಗೆ ಹೇಳಿದ್ದ. ನಾನು ಯಾರಿಗೂ ಹೇಳಿರಲಿಲ್ಲ. ಆದರೂ ಅವನನ್ನು ನಂಬದೆ ತಲೆ ತಗ್ಗಿಸಿದವನು ನಾನೇ.

ಸಂಜೆ ಮನೆಯಲ್ಲಿ ಹೆಂಡತಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಮೊರವನ್ನು ಪಕ್ಕಕ್ಕೆ ಸರಿಸಿ, ಕಾಗದ ಬಿಡಿಸಿ ಅವಳ ಮುಂದೆ ಇಟ್ಟೆ.

"ಏನ್ರೀ ಇದು?"

"ಕೂತ್ಕೊಂಡೇ ಇರು," ಎಂದೆ. "ಮೊದಲಿಂದ ಹೇಳ್ತೀನಿ."