ಅಜ್ಜಿಗೊಂದು ಬೇರೆ ಒಲೆ

“ಈಗ ಮೊದ್ಲು ಯಾವುದನ್ನ ಇಳಿಸೋದು?”

ಕರಿಯಕ್ಕ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಅಡಿಗೆಮನೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿಗೆ ಮೂರು ಒಲೆ, ಮೂರು ಮಡಕೆ, ಮೂರೂ ಒಟ್ಟಿಗೇ ಉಕ್ಕುತ್ತಿದ್ದವು. ಒಂದರ ಮುಚ್ಚಳ ತೆಗೆದರೆ ಇನ್ನೊಂದು ಬುಸ್ಸೆನ್ನುತ್ತಿತ್ತು. ಅದರ ಕಡೆ ಓಡಿದರೆ ಮತ್ತೊಂದರ ಬೆಂಕಿ ಆರುತ್ತಿತ್ತು. ಹೊಗೆಗೆ ಕಣ್ಣು ಕೆಂಪಾಗಿತ್ತು, ಲಂಗಕ್ಕೆಲ್ಲ ಬೂದಿ ಮೆತ್ತಿತ್ತು.

ಗೋಡೆಯ ಮೇಲೆ ಅವಳೇ ಅನ್ನದ ಅಗುಳು ಹಚ್ಚಿ ಅಂಟಿಸಿದ ಹಾಳೆಯೊಂದಿತ್ತು. ಟೈಮ್ ಟೇಬಲ್! ಅವಳ ಐದನೇ ಕ್ಲಾಸಿನ ಗೋಡೆಯ ಮೇಲೆ ಇದ್ದಂಥದ್ದೇ. ಕನ್ನಡ, ಗಣಿತ ಅಂತ ಇರಬೇಕಾದ ಕಡೆ ಮನೆಯವರ ಹೆಸರಿತ್ತು, ಅಷ್ಟೇ.

ಫಸ್ಟ್ ಪೀರಿಯಡ್: ಓಬ. ಎಣ್ಣೆ ಇಲ್ಲ, ಖಾರ ಇಲ್ಲ.

ಸೆಕೆಂಡ್ ಪೀರಿಯಡ್: ಅಜ್ಜಿ. ಉಪ್ಪು ಇಲ್ಲ.

ಥರ್ಡ್ ಪೀರಿಯಡ್: ಅಪ್ಪ, ತಾತ, ನಾನು. ಎಲ್ಲಾ ಇದೆ.

ಶನಿವಾರ ಸ್ಪೆಷಲ್: ತಾತನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ.

ಓಬ ಅಂದರೆ ಅವಳ ತಮ್ಮ, ಆರು ವರ್ಷದವನು. ಹೋದ ತಿಂಗಳು ಕಾಮಾಲೆಯಾಗಿ ಕಣ್ಣೆಲ್ಲ ಅರಿಸಿನವಾಗಿತ್ತು. ಈಗ ವಾಸಿಯಾಗಿದ್ದರೂ ಇನ್ನೂ ಪಥ್ಯ. ಈರಜ್ಜಿಗೆ ಬೀಪಿ. ಪಾವಗಡದ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ ನೋಡಿ, “ಉಪ್ಪು ಬಿಡಬೇಕು ಅಜ್ಜಿ” ಎಂದಿದ್ದರು. ನರಸಪ್ಪ ತಾತ ಶನಿವಾರ ನರಸಿಂಹ ದೇವರ ಒಪ್ಪತ್ತು ಮಾಡುವವನು.

ಇವರೆಲ್ಲರಿಗೂ ಅಡಿಗೆ ಮಾಡುತ್ತಿದ್ದ ಅಮ್ಮ ಈಶ್ವರಮ್ಮ ಸೋಮವಾರದ ಬಸ್ಸಿಗೆ ತುಮಕೂರಿಗೆ ಹೋಗಿದ್ದಳು. ಅವರ ಊರು ರಾಯಚರ್ಲಿಗೆ ಅಂಗನವಾಡಿ ಬರುವುದಿತ್ತು. ಅದಕ್ಕೆ ಅಮ್ಮನೇ ಟೀಚರ್! ಮೂರು ತಿಂಗಳ ಟ್ರೈನಿಂಗ್ ಮುಗಿಸಿದರೆ ಆಯಿತು. ಆ ಕಾಗದ ಬಂದ ದಿನ ಅಮ್ಮ ಅದನ್ನು ನಾಲ್ಕು ಸಲ ಓದಿದ್ದಳು, ಐದನೇ ಸಲ ಕರಿಯಕ್ಕನ ಕೈಲಿ ಓದಿಸಿದ್ದಳು.

ಮಂಗಳವಾರ, ಬುಧವಾರ ಅಪ್ಪ ಬೋರಣ್ಣ ಅಡಿಗೆ ಮಾಡಿದ. ಕುರಿ ಮೇಯಿಸುವವನಿಗೆ ಅಡಿಗೆ ಬಾರದೆ ಇರುತ್ತದೆಯೆ? ಊರೂರು ತಿರುಗಿ ಹೊಲಗಳಲ್ಲಿ ಮಂದೆ ನಿಲ್ಲಿಸಿದಾಗ ಗಂಡಸರೇ ಬೇಯಿಸಿಕೊಂಡು ಉಣ್ಣಬೇಕು. ಆದರೆ ಮಂದೆಯ ಅಡಿಗೆಯೆಂದರೆ ಒಂದೇ ಲೆಕ್ಕ. ಕಾಳು, ಸೊಪ್ಪು, ಉಪ್ಪು, ಖಾರ ಎಲ್ಲ ಒಟ್ಟಿಗೇ ಮಡಕೆಗೆ! ಅದನ್ನುಂಡು ಓಬನ ಕಣ್ಣಲ್ಲಿ ನೀರು ಬಂತು, ಅಜ್ಜಿಗೆ ತಲೆ ಸುತ್ತು ಬಂತು. ಅದಕ್ಕೇ ಗುರುವಾರ ಬೆಳಿಗ್ಗೆ ಕರಿಯಕ್ಕ ತಾನೇ ಮೂರು ಒಲೆ ಹೂಡಿ ಕೂತಿದ್ದಳು.

ಹೊಗೆ ಕಂಡು ಅಜ್ಜಿ ಬಾಗಿಲಿಗೆ ಬಂದಳು. “ಏಮೇ ಪಾಪ, ಇದೇನೇ ಮಗ ಇದು ಮೂರು ಒಲೆ?”

ಕರಿಯಕ್ಕನ ಮುಖ ಅರಳಿತು. “ಇದು ಓಬಂದು. ಇದು ನಮ್ದು. ಇದು ನಿಂದು ಅಜ್ಜಿ! ನಿಂಗೇ ಅಂತ ಬೇರೆ ಇಟ್ಟಿದೀನಿ.”

ಮಡಕೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು. ಅಜ್ಜಿಗೆ ಓದು ಬಾರದು. “ಏನು ಬರ್ದಿದೀಯೆ ಅದ್ರ ಮ್ಯಾಲೆ?”

“ನಿನ್ನೆಸ್ರು. ಬೇರೆ ಯಾರೂ ಮುಟ್ಟಬಾರ್ದು ಅಂತ.”

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನಿಂತಳು. “ನಂಗೊಂದು ಬೇರೆ ಒಲೆ,” ಎಂದಳು. ಜೋರಾಗಿ ಅನ್ನಲಿಲ್ಲ, ತನಗೆ ತಾನೇ ಅಂದುಕೊಂಡಳು.

ಊರಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಮನೆ ಪಾಲಾದಾಗ ಜನ ಹೇಳುವ ಮಾತೇ ಅದು. ‘ಅವರದು ಒಲೆ ಬೇರೆಯಾಯಿತು’ ಅಂತ. ಕರಿಯಕ್ಕನಿಗೆ ಅದು ನೆನಪಾಗುವಷ್ಟರಲ್ಲಿ ಅಜ್ಜಿ ಜಗಲಿಗೆ ಹೋಗಿ ಕೂತಾಗಿತ್ತು. ತಟ್ಟೆ ತಂದಿಟ್ಟರೆ ಮುಟ್ಟಲಿಲ್ಲ.

“ಭೀಮಿಗೆ ಹೇಳಿ ಕಳಿಸ್ತೀನಿ. ಶನಿವಾರ ಬಂದು ಕರ್ಕೊಂಡು ಹೋಗ್ಲಿ,” ಎಂದಳು. ಭೀಮಿ ಅಂದರೆ ಭೀಮಕ್ಕ, ಅಪ್ಪನ ತಂಗಿ, ನಿಡುಗಲ್ಲಿನಲ್ಲಿ ಇರುವ ಅತ್ತೆ. “ಮಗಳ ಮನೇಲಿ ಬಿದ್ದಿರ್ತೀನಿ. ಅಲ್ಲಿ ಒಂದೇ ಒಲೆ ಐತೆ.”

ಅಪ್ಪ ಕರಿಯಕ್ಕನನ್ನು ಹಿತ್ತಿಲಿಗೆ ಕರೆದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನಿಮ್ಮಜ್ಜಿ ಊಟ ಸೇರ್ದೆ ಮಗಳ ಮನೆಗೆ ಹೋದ್ಲು ಅಂದ್ರೆ ಊರೋರು ಯಾರನ್ನ ಬೈತಾರೆ ಹೇಳು?”

“ನಿನ್ನ.”

“ನನ್ನ ಯಾರಮ್ಮ ಬೈತಾರೆ? ನಿಮ್ಮಮ್ಮನ್ನ ಬೈತಾರೆ. ಅತ್ತೇನ ಬೀದಿಗೆ ಹಾಕಿ ಓದಾಕೆ ಹೋದ್ಲು ಅಂತಾರೆ. ಅಜ್ಜಿ ಹೋದ್ರೆ ನಾನು ಮಾರ್ನೇ ದಿನಾನೇ ಕಾರ್ಡ್ ಬರೀಬೇಕಾಯ್ತದೆ. ಟ್ರೈನಿಂಗ್ ಸಾಕು, ಬಂದ್ಬುಡು ಅಂತ.”

ಕರಿಯಕ್ಕ ಲಂಗದ ಬೂದಿ ಕೊಡವಿಕೊಂಡು ಸ್ಕೂಲಿಗೆ ಹೊರಟಳು.

ಆ ದಿನ ಸ್ಕೂಲಿನಲ್ಲಿ ಮರುಳಸಿದ್ದಯ್ಯ ಮೇಷ್ಟ್ರು, “ಏನಮ್ಮ ಕರಿಯಕ್ಕ, ಎಪ್ಪತ್ತೆರಡರಲ್ಲಿ ಮೂವತ್ತೆಂಟು ಕಳೆದ್ರೆ?” ಎಂದರು.

“ಉಪ್ಪು ಸಾರ್,” ಎಂದಳು ಕರಿಯಕ್ಕ.

ಕ್ಲಾಸೆಲ್ಲ ಗೊಳ್ಳೆಂದಿತು.

ಎರಡು ದಿನ ಅಜ್ಜಿ ಬರೀ ಮಜ್ಜಿಗೆ ಮುದ್ದೆ ಉಂಡಳು. ಶುಕ್ರವಾರ ಸಂಜೆ ಕರಿಯಕ್ಕ ಮಡಕೆಯ ಮೇಲಿನ ಹೆಸರು ಒರೆಸಿ, ಟೈಮ್ ಟೇಬಲನ್ನು ಗೋಡೆಯಿಂದ ಕಿತ್ತಳು. ಆಮೇಲೆ ಮೊಣಕಾಲು ತಬ್ಬಿಕೊಂಡು ಯೋಚನೆಗೆ ಕೂತಳು. ಅಜ್ಜಿಗೆ ಬೀಪಿ ಎಂದು ತಿಳಿದು ಎರಡು ತಿಂಗಳಾಗಿತ್ತು. ಆಗೆಲ್ಲ ಅಮ್ಮ ಇಲ್ಲೇ ಇದ್ದಳು. ಆಗ ಮೂರು ಒಲೆ ಉರಿಯುತ್ತಿತ್ತೆ? ಇಲ್ಲವಲ್ಲ!

“ಲೇ ಓಬ, ಅಮ್ಮ ಇದ್ದಾಗ ನಿಂಗೆ ಬೇರೆ ಮಡಕೆ ಇತ್ತೇನ್ಲಾ?”

“ಇಲ್ಲಪ್ಪ. ನಾನು ಗೋಲಿ ಆಡ್ತಿದ್ರೆ ಕೂಗೋಳು. ಎಲ್ರಿಗಿಂತ ಮುಂಚೆ ನಂಗೇ ಊಟ. ನಾನೇ ಫಸ್ಟ್!” ಎಂದು ಓಬ ಎದೆ ಉಬ್ಬಿಸಿದ.

ಎಲ್ಲರಿಗಿಂತ ಮುಂಚೆ. ಅಂದರೆ ಮಡಕೆಗೆ ಖಾರ ಬೀಳುವುದಕ್ಕೂ ಮುಂಚೆ!

ಸರಿ, ಆದರೆ ಅಜ್ಜಿಯ ಉಪ್ಪು? ಕರಿಯಕ್ಕನಿಗೆ ಸೋಮವಾರದ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಉಪ್ಪಿನ ಕುಡಿಕೆ ಒಲೆಯ ಹತ್ತಿರ ಇರದೆ ತಟ್ಟೆ ಜೋಡಿಸುವ ಹಲಗೆಯ ಕೆಳಗಿತ್ತು. ಊರಿಗೆ ಹೊರಟ ಗಡಿಬಿಡಿಯಲ್ಲಿ ಅಮ್ಮ ಮರೆತು ಎಲ್ಲೋ ಇಟ್ಟಿದ್ದಾಳೆ ಎಂದುಕೊಂಡು, ಅವಳೇ ಎತ್ತಿ ಒಲೆಯ ಪಕ್ಕಕ್ಕೆ ಇಟ್ಟಿದ್ದಳು.

ಅಮ್ಮ ಮರೆತಿರಲಿಲ್ಲ.

ಅಮ್ಮ ಮಡಕೆಗೆ ಉಪ್ಪೇ ಹಾಕುತ್ತಿರಲಿಲ್ಲ! ಬಡಿಸುವಾಗ ಗೋಡೆಯ ಕಡೆ ತಿರುಗಿ ಕೂತು, ಬೇಕಾದವರ ತಟ್ಟೆಗೆ ಬೇಕಾದಷ್ಟು ಹಾಕಿ ಕಲಸಿ ಕೊಡುತ್ತಿದ್ದಳು. ಎರಡು ತಿಂಗಳು ಮನೆಯವರೆಲ್ಲ ಒಂದೇ ಮಡಕೆಯಿಂದ ಬೇರೆ ಬೇರೆ ಊಟ ಉಂಡಿದ್ದರು. ಒಬ್ಬರಿಗೂ ತಾವು ಬೇರೆ ಅನ್ನಿಸಿರಲಿಲ್ಲ. ದಿನಾ ಅಮ್ಮನ ಪಕ್ಕದಲ್ಲೇ ಕೂತಿದ್ದ ಕರಿಯಕ್ಕನೂ ಅದನ್ನು ನೋಡಿಯೂ ಗಮನಿಸಿರಲಿಲ್ಲ.

ಶನಿವಾರ ಬೆಳಗಿನ ಸ್ಕೂಲು. ಬಿಟ್ಟ ಕೂಡಲೆ ಕರಿಯಕ್ಕ ಒಂದೇ ಉಸಿರಿಗೆ ಮನೆಗೆ ಓಡಿಬಂದಳು. ಅಪ್ಪ ಅನ್ನ ಮಾಡಿ, ಹಿಟ್ಟಿನ ಮಡಕೆಯನ್ನೂ ಒಲೆಯಿಂದ ಕೆಳಗಿಳಿಸಿ, ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಮುದ್ದೆ ತಿರುವುವ ಕೋಲು ಹಿಡಿದು ತಯಾರಾಗಿದ್ದ. ಪಕ್ಕದ ಮನೆಯ ದಾಸಮ್ಮ ಗೋಡೆಯ ಮೇಲಿಂದ ಇಣುಕಿದಳು.

“ಏನ್ ಬೋರಣ್ಣ, ಹೆಂಡ್ತಿ ಟ್ರೈನಿಂಗಿಗೆ, ನೀನು ಒಲೆ ಮುಂದಕ್ಕೆ?”

“ಮಂದೇಲಿ ನಲವತ್ತು ಮುದ್ದೆ ತಿರುವಿರೋ ಕೈ ಕಣಕ್ಕ ಇದು! ಬೇಕಾದ್ರೆ ತಟ್ಟೆ ತಗೊಂಡ್ಬಾ.”

ಒಲೆಯ ಮೇಲೆ ಒಂದೇ ಮಡಕೆಯಲ್ಲಿ ಹೆಸರುಕಾಳು, ಸೊಪ್ಪು ಬೇಯುತ್ತಿತ್ತು. ಅಪ್ಪನ ಕೈ ಅಭ್ಯಾಸದಂತೆ ಉಪ್ಪಿಗೆ ಹೋಯಿತು.

“ಅಪ್ಪಾ, ಬೇಡ!”

“ಉಪ್ಪಾಕ್ದೆ ಸಾರು ಹೆಂಗಮ್ಮ ಆಯ್ತದೆ?”

“ಆಯ್ತದೆ. ನೀನು ಮುದ್ದೆ ನೋಡ್ಕೊ.”

ಬೆಂದ ಕಾಳು ಸೊಪ್ಪನ್ನು ಬಸಿದಳು. ಆ ತಿಳಿಯಲ್ಲಿ ಎರಡು ಸೌಟು ತೆಗೆದು, ಒಂದು ಚಿಟಿಕೆ ಉಪ್ಪು ಹಾಕಿ ಅನ್ನ ಕಿವುಚಿದಳು. “ಓಬಾ, ಫಸ್ಟ್!” ಓಬ ಗೋಲಿ ಬಿಟ್ಟು ಓಡಿ ಬಂದ. ಮಿಕ್ಕ ತಿಳಿಗೆ ಮೆಣಸಿನಕಾಯಿ, ಕೊತ್ತಂಬರಿ, ಹುಣಸೆಹಣ್ಣು ಅರೆದು ಕುದಿಸಿದಳು. ಅದರಲ್ಲೊಂದು ಬಟ್ಟಲು ತಾತನಿಗೆ ತೆಗೆದಿಟ್ಟಳು. ತಾತ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತು ನಾಮ ಹೇಳಿಕೊಳ್ಳುತ್ತಿದ್ದ. ಕಡೆಗೆ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಒಗ್ಗರಣೆ. ಚೊಂಯ್ ಎಂದ ಸದ್ದಿಗೆ ಜಗಲಿಯಲ್ಲಿದ್ದ ಅಜ್ಜಿಯೂ ಕತ್ತು ತಿರುಗಿಸಿದಳು.

ಅಷ್ಟರಲ್ಲಿ ಭೀಮಕ್ಕತ್ತೆ ಬಂದಳು. “ಎಲ್ಲವ್ವ, ರೆಡಿಯಾ? ಎರಡು ಗಂಟೆ ಬಸ್ಸಿಗೇ ಹೋಗಾಣ.”

ಅಜ್ಜಿ ಸೀರೆಗಳ ಗಂಟು ಕಟ್ಟಿ ಮಗ್ಗುಲಲ್ಲೇ ಇಟ್ಟುಕೊಂಡಿದ್ದಳು.

“ಉಂಡ್ಕೊಂಡು ಹೋಗೀರಂತೆ ಅತ್ತೆ. ಅಜ್ಜಿ, ಕೈ ತೊಳ್ಕೊ ಬಾ,” ಎಂದಳು ಕರಿಯಕ್ಕ.

“ನನ್ನ ಮಡಕೆ ಯಾವುದೋ, ಮೊದ್ಲು ಅದನ್ನ ತೋರ್ಸು.” ಅಜ್ಜಿಯ ಮಾತಿನಲ್ಲಿ ಇನ್ನೂ ಮೊನಚಿತ್ತು.

“ಒಳಕ್ಕೆ ಬಂದು ನೀನೇ ನೋಡು.”

ಅಜ್ಜಿ ಬಂದು ನೋಡಿದಳು. ಒಂದೇ ಒಲೆ ಉರಿಯುತ್ತಿತ್ತು. ಅದರ ಮೇಲೆ ಒಂದೇ ಮಡಕೆ. ಉಳಿದ ಎರಡು ಒಲೆ ತಣ್ಣಗಿದ್ದವು, ಬೂದಿ ಬಳಿದು ನೆಲ ಸಾರಿಸಿತ್ತು. ಅಜ್ಜಿ ಊಟಕ್ಕೆ ಕೂತವರ ಸಾಲಿನಲ್ಲಿ ಬಂದು ಕೂತಳು.

ಕರಿಯಕ್ಕ ಅಮ್ಮನ ಹಾಗೇ ಗೋಡೆಯ ಕಡೆ ತಿರುಗಿ ಬಡಿಸಿದಳು. ಅಪ್ಪನ ತಟ್ಟೆಗೆ ಉಪ್ಪು, ಅತ್ತೆಯ ತಟ್ಟೆಗೆ ಉಪ್ಪು, ತಾತನ ಬಟ್ಟಲಿಗೂ ಉಪ್ಪು. ಅಜ್ಜಿಯ ತಟ್ಟೆಗೆ ಅರ್ಧ ನಿಂಬೆಹಣ್ಣು ಹಿಂಡಿ, ಬೆಳ್ಳುಳ್ಳಿ ನೋಡಿ ನೋಡಿ ಎರಡು ಎಸಳು ಜಾಸ್ತಿ ಹಾಕಿದಳು. ತಟ್ಟೆಯನ್ನು ಅಜ್ಜಿಯ ಮುಂದಿಟ್ಟಳು.

ಅಜ್ಜಿ ಮುದ್ದೆ ಮುರಿದಳು, ಸಾರಿನಲ್ಲಿ ಹೊರಳಿಸಿದಳು, ನುಂಗಿದಳು.

“ಬೋರ, ನಿಂದೂ ಇದೇ ಸಾರೇನ್ಲಾ?”

“ಇದೇ ಕಣವ್ವ. ಇರೋದೇ ಒಂದು ಮಡಕೆ.”

“ಭೀಮಿ, ನಿಂಗೂ?”

“ಹೂಂ ಕಣವ್ವ. ಸುಮ್ನೆ ಉಣ್ಣು, ಬಸ್ಸಿಗೆ ಹೊತ್ತಾಯ್ತದೆ.”

ಅಜ್ಜಿ ಇನ್ನೊಂದು ತುತ್ತು ನುಂಗಿದಳು. ನಾಲಿಗೆಯನ್ನು ಮೆಲ್ಲಗೆ ಅಂಗುಳಿಗೆ ಒತ್ತಿ, “ಉಪ್ಪು...” ಎಂದಳು.

 ಕರಿಯಕ್ಕನ ಕೈಯಲ್ಲಿದ್ದ ಸಾರಿನ ಸೌಟು ಗಾಳಿಯಲ್ಲೇ ನಿಂತಿತು.

ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಸುಕ್ಕು ಮುಖದ ಎಲ್ಲ ಗೆರೆಗಳೂ ಒಂದೊಂದಾಗಿ ನಗುವಾದವು. “ಉಪ್ಪು ಸರಿಯಾಗೈತೆ. ಇನ್ನೊಂದು ಸೌಟು ಬುಡು.”

ಅಜ್ಜಿಗೆ ಎಲ್ಲ ಗೊತ್ತು. ಅಮ್ಮ ಬಡಿಸುತ್ತಿದ್ದಾಗಿನಿಂದಲೂ ಗೊತ್ತು! ಅವಳಿಗೆ ಬೇಕಿದ್ದದ್ದು ಉಪ್ಪಲ್ಲ, ಈ ಸಾಲು. ಕರಿಯಕ್ಕ ಒಂದಲ್ಲ, ಎರಡು ಸೌಟು ಬಡಿಸಿದಳು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಭೀಮಕ್ಕತ್ತೆ ದಡಬಡನೆ ಎದ್ದು ಕೈ ತೊಳೆದಳು. “ನಡಿಯವ್ವ, ಬಸ್ಸು ಬಂತು! ಗಂಟು ತಗೊ.”

“ನಾನು ಬರಲ್ಲ,” ಎಂದಳು ಅಜ್ಜಿ.

“ಅಯ್ಯೋ, ನೀನೇ ಅಲ್ವಾ ಹೇಳಿ ಕಳ್ಸಿದ್ದು? ಅಷ್ಟು ದೂರದಿಂದ ಬಂದಿದೀನಿ. ನಾಕು ದಿನಕ್ಕಾದ್ರೂ ಬಾರವ್ವ.”

“ಬರಲ್ಲ ಅಂದ್ರೆ ಬರಲ್ಲ ಕಣೇ ಭೀಮಿ. ನನ್ನ ಸೊಸೆ ಓದು ಮುಗ್ಸಿ ಬರೋಗಂಟ ನಾನು ಈ ಮನೆ ಬುಟ್ಟು ಎಲ್ಲಿಗೂ ಬರಲ್ಲ.”