ತಿಂಗಳಿಗೊಂದು ಫೋನು

"ನೋವು ಉಂಟಾ?"

"ಇಲ್ಲ."

"ಜ್ವರ, ವಾಂತಿ?"

"ಇಲ್ಲ ಮೇಡಂ."

"ಮಧ್ಯಾಹ್ನ ಏನು ತಿಂದ್ರಿ?"

"ಗಂಜಿ."

ಫೋನು ಹಿಡಿದು ಉತ್ತರ ಬರೆದುಕೊಳ್ಳುತ್ತಿದ್ದ ಸಮೀಕ್ಷಾ ಪೆನ್ನು ಕೆಳಗಿಟ್ಟಳು. ಪುಂಜಾಲಕಟ್ಟೆಯಲ್ಲಿ ಸ್ವಂತ ಹೋಟೆಲಿಟ್ಟವನು, ಪ್ರತಿ ಸಲ ಗೋಳಿಬಜೆಯಿಂದ ಶುರುಮಾಡಿ ಬನ್ಸಿನ ತನಕ ವರ್ಣಿಸಿ ಅವಳ ಬಾಯಲ್ಲಿ ನೀರೂರಿಸುವ ಶೋಧನ್, ಇವತ್ತು ಗಂಜಿ ಕುಡಿದನಂತೆ.

ಅವರ ಪರಿಚಯವಾದದ್ದೇ ಹೊಟ್ಟೆನೋವಿನಿಂದ. ಅವಳು ಕೆಲಸ ಮಾಡುವ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಬಾವಿನ ಮೇಲೆ ಒಂದು ಅಧ್ಯಯನ ನಡೆಯುತ್ತಿತ್ತು. ಕೆಲವರಿಗೆ ಆಪರೇಷನ್, ಕೆಲವರಿಗೆ ಬರೀ ಔಷಧಿ. ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತದೆ. ಒಪ್ಪಿಗೆ ಕೇಳಲು ಹೋದವಳನ್ನು ನೋಡಿ ಅಷ್ಟು ನೋವಲ್ಲೂ ಅವನು ನಕ್ಕಿದ್ದ. "ಲಾಟರಿಯಾ ಮೇಡಂ? ನನಗೆ ಜನ್ಮದಲ್ಲಿ ಹೊಡೆದದ್ದಿಲ್ಲ."

ಈ ಸಲ ಹೊಡೆಯಿತು. ಔಷಧಿ ಬಂತು, ಜೊತೆಗೆ ವರ್ಷವಿಡೀ ತಿಂಗಳಿಗೊಮ್ಮೆ ಅವಳ ಫೋನು.

ಎರಡು ನಿಮಿಷದ ಪ್ರಶ್ನೆಗಳು ಅರ್ಧ ಗಂಟೆ ಎಳೆಯತೊಡಗಿದವು. ಅವಳು ಜೈನರ ಮನೆಯವಳು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಗೊತ್ತಾದ ಮೇಲೆ ಅವನೇ ಫೋನಿಡಿಸುತ್ತಿದ್ದ. "ಹೊರಡಿ ಮಾರಾಯ್ರೆ, ಸೂರ್ಯ ನಿಮಗೋಸ್ಕರ ಕಾಯುವುದಿಲ್ಲ." ಬಸದಿ ನೋಡಿಕೊಳ್ಳುವ ಅಪ್ಪ, ಸಮ್ಮೇದ ಎಂಬ ಜೈನರ ಹುಡುಗನ ಜೊತೆ ತನ್ನ ಮದುವೆ ನಿಶ್ಚಯ ಮಾಡಿದ್ದಾರೆ ಎಂದು ಅವಳು ಹೇಳಿದ ದಿನ ಮಾತ್ರ ಸೂರ್ಯನ ಸುದ್ದಿ ಬರಲಿಲ್ಲ. "ಒಳ್ಳೆ ಸಂಬಂಧ" ಎಂದ, ಅಷ್ಟೇ. ಅವಳಿಗೆ ಸಿಟ್ಟು ಬಂದಿತ್ತು. ಬೇರೆ ಏನು ಹೇಳಬೇಕಿತ್ತು ಪಾಪ ಅವನು?

"ಶೋಧನ್, ಒಮ್ಮೆ ನಿಂತಲ್ಲೇ ಹಾರಿ."

"ಗಿರಾಕಿಗಳು ನೋಡ್ತಾರೆ ಮೇಡಂ."

"ನೋಡಲಿ. ಹಾರಿ."

ಧೊಪ್ಪೆಂದು ಸದ್ದಾಯಿತು. ಹಿಂದೆಯೇ, ತುಟಿ ಕಚ್ಚಿದರೂ ನಿಲ್ಲದ ಒಂದು ನರಳಿಕೆ ಕೇಳಿಸಿತು.

ಆಂಬುಲೆನ್ಸ್ ಕಳಿಸಿದ್ದು ಅವಳೇ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಡಾಕ್ಟರು ಬಹಳ ಕಷ್ಟದಲ್ಲಿ ಅವನನ್ನು ಉಳಿಸಿಕೊಂಡರು.

ಅವನು ಮಾತಾಡುವಷ್ಟು ಚೇತರಿಸಿಕೊಂಡ ಸಂಜೆ ಅವಳು ಹಾಸಿಗೆಯ ಪಕ್ಕ ಬಂದು ಕೂತಳು.

"ನೋವು ಬಂದದ್ದು ಹೇಳ್ಲಿಕ್ಕೆ ಏನಾಗಿತ್ತು ನಿಮಗೆ?"

ಅವನು ಡ್ರಿಪ್ಪಿನ ಬಾಟಲಿ ನೋಡಿದ. "ಆಪರೇಷನ್ ಆದ್ರೆ ಅಧ್ಯಯನದಿಂದ ಹೆಸರು ತೆಗೀತಾರೆ ಅಂತ ಎಣಿಸಿದೆ. ಮತ್ತೆ ನಿಮ್ಮ ಫೋನ್ ಬರ್ಲಿಕ್ಕಿಲ್ಲ ಅಲ್ವಾ? ಹೇಳದಿದ್ರೆ ಮದುವೆಗೆ ಮೊದಲು ಇನ್ನೊಂದೆರಡು ಸಲ ಮಾತಾಡ್ಲಿಕ್ಕೆ ಸಿಗ್ತಿತ್ತು."

"ಹೆಸರು ತೆಗೆಯುವುದಿಲ್ಲ. ಆಪರೇಷನ್ ಆದವರಿಗೂ ವರ್ಷ ಮುಗಿಯುವವರೆಗೆ ಫೋನ್ ಮಾಡ್ತೇವೆ."

ಅವನು ನಗಲು ಹೋದ. ಹೊಲಿಗೆ ಎಳೆದು ಮುಖ ಕಿವುಚಿದ. "ಜೀವ ಪುಕ್ಕಟೆ ಹೋಗ್ತಿತ್ತಲ್ಲ ಹಾಗಾದ್ರೆ. ಬರುವ ತಿಂಗಳು ಮಾಡ್ತೀರಾ?"

"ಫಾಹಿಮಾ ಅಂತ ಹೊಸಬಳು ಬಂದಿದ್ದಾಳೆ. ಅವಳು ಮಾಡ್ತಾಳೆ."

"ನೀವು?"

"ರೋಗಿಯ ಮೇಲೆ ಮನಸ್ಸಿಟ್ಟವರು ಪ್ರಶ್ನೆ ಕೇಳಬಾರದು ಅಂತ ನಿಯಮ ಉಂಟು. ನಾನು ಬೆಳಿಗ್ಗೆ ಡಾಕ್ಟರಿಗೆ ಹೇಳಿದೆ."

"ಏನಂತ?"

"ಮನಸ್ಸಿಟ್ಟಿದ್ದೇನೆ ಅಂತ."

ಅವನು ಅವಳತ್ತ ತಿರುಗಿ ನೋಡಿದ. ಇಷ್ಟು ತಿಂಗಳು ಕಿವಿಯಲ್ಲೇ ಕಂಡ ಮುಖ ಅದು.

"ಮನೆಯಲ್ಲಿ ಹೇಳ್ಬಹುದಿತ್ತಲ್ಲ," ಎಂದ ಮೆಲ್ಲಗೆ.

"ಹೇಳಿದೆ. ಅಪ್ಪ ಅನ್ನ ನೀರು ಬಿಟ್ಟು ಕೂತರು. ಸಮ್ಮೇದನನ್ನೇ ಮದುವೆ ಆಗ್ತೇನೆ ಅಂತ ನಾನು ಮಾತು ಕೊಟ್ಟ ಮೇಲೆ ಉಂಡರು."

ಕಿಟಕಿಯ ಬಿಸಿಲು ಕೆಂಪಾಗುತ್ತಿತ್ತು. ಶೋಧನ್ ಅತ್ತ ನೋಡಿ, ಅಭ್ಯಾಸದ ಮಾತು ಹೇಳಿದ. "ಹೊರಡಿ ಮಾರಾಯ್ರೆ. ಊಟ ಆಗ್ಲಿಲ್ಲ ನಿಮ್ದು."

ಅವಳು ಏಳಲಿಲ್ಲ. ಡ್ರಿಪ್ ಚುಚ್ಚಿದ ಅವನ ಕೈಯನ್ನು ನೋವಾಗದಂತೆ ಹಿಡಿದುಕೊಂಡಳು, ಮೊದಲ ಸಲ. ನರ್ಸ್ ಬಂದು ಲೈಟು ಹಾಕಿ ಹೋದಳು. ಆಮೇಲೆ ಸಮೀಕ್ಷಾ ಎದ್ದು, ಹಸಿದ ಹೊಟ್ಟೆಯಲ್ಲೇ ಮನೆಗೆ ಹೋದಳು.